ಬಸುರಿಯ ಜೊತೆ ಅವಳ ಅವ್ವನನ್ನೂ ಕರೆಯಿರಿ: ಆರೋಗ್ಯ ಇಲಾಖೆಗೆ ಒಂದು ಬಹಿರಂಗ ಪತ್ರ

ಹಾವೇರಿ, ಗದಗ ಮತ್ತು ಧಾರವಾಡ ಜಿಲ್ಲೆಗಳ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಅಧಿಕಾರಿಗಳಿಗೆ,

ನಮಸ್ಕಾರ.

ನಾನು ಬ್ಯಾಡಗಿ ತಾಲ್ಲೂಕಿನ ಒಂದು ಹಳ್ಳಿಯ ಸೊಸೆ. ತವರು ಗದಗ ಜಿಲ್ಲೆಯ ಮುಂಡರಗಿ ಕಡೆ. ಇಬ್ಬರು ಮಕ್ಕಳ ತಾಯಿ. ಮನೆಯಲ್ಲೇ ಹೊಲಿಗೆ ಕೆಲಸ ಮಾಡುತ್ತೇನೆ. ಹಾಗಾಗಿ ನಮ್ಮ ಊರಿನ ಬಸುರಿಯರೆಲ್ಲ ಒಂದಲ್ಲ ಒಂದು ದಿನ ನನ್ನ ಮನೆಗೆ ಬರುತ್ತಾರೆ. ಮೊದಲು ಜಂಪರಿನ ಹೊಲಿಗೆ ಬಿಚ್ಚಿಸಿ ಸಡಿಲ ಮಾಡಿಸಿಕೊಳ್ಳಲು ಬರುತ್ತಾರೆ. ಆಮೇಲೆ ಕುಬಸಕ್ಕೆ, ಅಂದರೆ ಸೀಮಂತಕ್ಕೆ, ಹೊಸದು ಹೊಲಿಸಲು ಬರುತ್ತಾರೆ. ಅಳತೆ ತೆಗೆದುಕೊಳ್ಳುವಾಗ ಅವರು ಹೇಳುವ ಮಾತುಗಳನ್ನು ಬೇರೆಲ್ಲೂ ಹೇಳಲಿಕ್ಕಿಲ್ಲ.

ಹೋದ ತಿಂಗಳು ಒಬ್ಬ ಹುಡುಗಿ ಬಂದಿದ್ದಳು. ಐದು ತಿಂಗಳು. ಅವಳು ತೋರಿಸಿಕೊಳ್ಳುವ ಆಸ್ಪತ್ರೆಯಿಂದ ವಾಟ್ಸಾಪಿಗೆ ಒಂದು ಲಿಂಕ್ ಬಂದಿತ್ತು. ಬಸಿರು, ಹೆರಿಗೆ ಬಗ್ಗೆ ಒಟ್ಟು 12 ವಿಡಿಯೋ. 'ಇದ ಕ್ಲಾಸ್ ಅಂತ ಅಕ್ಕಾ' ಅಂದಳು. ಎಷ್ಟು ನೋಡಿದ್ದೀ ಅಂತ ಕೇಳಿದೆ. ಎರಡು. ಫೋನು ಗಂಡನದು. ಅವನು ಸಂಜೆ ಮನೆಗೆ ಬಂದ ಮೇಲೆ ಅರ್ಧ ಗಂಟೆ ಅವಳ ಕೈಗೆ ಸಿಗುತ್ತದೆ. ಅದು ಅವಳು ಒಲೆ ಮುಂದೆ ಕೂತು ರೊಟ್ಟಿ ಬಡಿಯುವ ಹೊತ್ತು.

ಅವಳು ಹೋದ ಮೇಲೆ ನನಗೆ ಹೊಲಿಗೆ ಸಾಗಲಿಲ್ಲ. ಅವತ್ತೇ ಈ ಪತ್ರ ಬರೆಯಬೇಕು ಅಂದುಕೊಂಡೆ. ಯಾಕೆಂದರೆ ನಾನೂ ಫೋನಿನಲ್ಲೇ ಕ್ಲಾಸ್ ಕೇಳಿ ಹಡೆದವಳು.

ಅದು 2021ರ ಬೇಸಿಗೆ. ಕೊರೋನಾದ ಎರಡನೇ ಅಲೆ. ನಾನು ಚೊಚ್ಚಲ ಬಸುರಿ. ಸುಮ್ನೆ ಆಸ್ಪತ್ರೆಗೆ ಬರಬೇಡಿ ಎಂದು ಎಲ್ಲ ಕಡೆ ಹೇಳುತ್ತಿದ್ದ ಕಾಲ. ಶಹರದ ಒಂದು ಆಸ್ಪತ್ರೆಯವರು ವಾರಕ್ಕೊಮ್ಮೆ ಆನ್‌ಲೈನ್ ಕ್ಲಾಸ್ ಮಾಡುತ್ತಿದ್ದರು. ದುಡ್ಡು ಕಟ್ಟಿ ಸೇರಿದೆ. ಕ್ಲಾಸ್ ಕೆಟ್ಟದ್ದಿತ್ತು ಅಂತ ನಾನು ಹೇಳುವುದಿಲ್ಲ. ಹೇಳಿಕೊಡುತ್ತಿದ್ದ ಡಾಕ್ಟರು ಒಳ್ಳೆಯವರು. ಒಂದು ನೋಟ್‌ಬುಕ್ ಇಟ್ಟುಕೊಂಡು ಎಲ್ಲ ಬರೆದುಕೊಂಡಿದ್ದೆ. ಕಬ್ಬಿಣದ ಗುಳಿಗೆ ಎಷ್ಟು ದಿನ, ಎಡಮಗ್ಗುಲಿಗೆ ಯಾಕೆ ಮಲಗಬೇಕು, ಯಾವ ಲಕ್ಷಣ ಕಂಡರೆ ಕೂಡಲೇ ಆಸ್ಪತ್ರೆಗೆ ಓಡಬೇಕು. ಆ ಪುಟದಲ್ಲಿ ನಾನೇ ಕೆಂಪು ಪೆನ್ನಿನಲ್ಲಿ ಬರೆದಿದ್ದೆ: ಮುಖ ಕೈ ಬಾವು, ತಡೆಯಲಾರದ ತಲೆನೋವು, ಕಣ್ಣು ಮಂಜು, ರಕ್ತ ಹೋಗುವುದು, ನೀರು ಹೋಗುವುದು, ಜ್ವರ, ಕೂಸು ಹೊರಳಾಡುವುದು ಕಡಿಮೆ ಆಗುವುದು.

ಏಳರಲ್ಲಿ ಕುಬಸ ಮಾಡಿದರು. ಹತ್ತು ಮಂದಿ, ಮನೆಯೊಳಗೇ. ಪದ್ಧತಿಯಂತೆ ತವರಿಗೆ ಹೋದೆ. ಎಂಟು ತುಂಬುವ ಹೊತ್ತಿಗೆ ಒಂದು ಬೆಳಿಗ್ಗೆ ಎದ್ದಾಗ ಬಳೆಗಳು ಕೈಯಲ್ಲಿ ಹೊರಳಲಿಲ್ಲ. ಮುಖ ಬಾತಿತ್ತು. ತಲೆ ಒಡೆದು ಹೋಗುವಂಥ ನೋವು. ಅವ್ವನಿಗೆ ಹೇಳಿದೆ. ನೋಟ್‌ಬುಕ್ ತೆಗೆದು ಆ ಕೆಂಪು ಪುಟವನ್ನೂ ಓದಿ ಹೇಳಿದೆ. ಅವ್ವ ಅಂದಳು, 'ಬಸುರಿಗೆ ಬಾವು ಬರದ ಮತ್ಯಾರಿಗೆ ಬರತೈತವ್ವಾ? ನೀ ಹೊಟ್ಟ್ಯಾಗಿದ್ದಾಗ ನನಗೂ ಬಂದಿತ್ತು.' ತಲೆಗೆ ಹರಳೆಣ್ಣೆ ಒತ್ತಿದಳು. ಕೊರೋನಾ ಇದ್ದಾಗ ಆಸ್ಪತ್ರೆಗೆ ಹೋದರೆ ಇಲ್ಲದ್ದು ಅಂಟಿಸಿಕೊಂಡು ಬರುತ್ತೀ ಅಂದಳು. ಅಪ್ಪ ಅವ್ವನ ಮಾತೇ ಸರಿ ಅಂದ. ನಾನೂ ಸುಮ್ಮನಾದೆ. ಹೆತ್ತವ್ವನಿಗಿಂತ ಫೋನಿನ ಮಾತು ದೊಡ್ಡದು ಅಂತ ಹೇಗೆ ವಾದ ಮಾಡಲಿ?

ಎರಡು ದಿನ ಹೋದವು. ಮೂರನೇ ದಿನ ಬೆಳಿಗ್ಗೆ ಊರಿನ ಆಶಾ ಕಾರ್ಯಕರ್ತೆ ಬೇರೆ ಮನೆಗೆ ಹೋಗುವವರು ಬಾಗಿಲಲ್ಲಿ ನನ್ನ ಮುಖ ನೋಡಿದರು. ಒಳಗೆ ಬರಲೂ ಇಲ್ಲ. ಅಲ್ಲೇ ನಿಂತು 108ಕ್ಕೆ ಫೋನ್ ಮಾಡಿದರು. ತಾಲ್ಲೂಕು ಆಸ್ಪತ್ರೆಯಲ್ಲಿ ಬಿಪಿ 170/110. ಮೂತ್ರದಲ್ಲಿ ಪ್ರೋಟೀನ್. ಗರ್ಭಿಣಿಯರಿಗೆ ಬರುವ ನಂಜು ಅಂದರು. ಫಿಟ್ಸ್ ಬರದಂತೆ ಇಂಜೆಕ್ಷನ್ ಕೊಟ್ಟು ಹುಬ್ಬಳ್ಳಿಗೆ ಕಳಿಸಿದರು. ಅದೇ ರಾತ್ರಿ ಆಪರೇಷನ್ ಆಯಿತು. 35 ವಾರಕ್ಕೆ ಮಗಳು ಹುಟ್ಟಿದಳು. ತೂಕ ಒಂದು ಕಿಲೋ ಒಂಬೈನೂರು ಗ್ರಾಂ.

ಇವತ್ತು ಅವಳು ಅಂಗಳದಲ್ಲಿ ಆಡುತ್ತಿದ್ದಾಳೆ. ಅದಕ್ಕೇ ಇದನ್ನು ಬರೆಯಲು ನನಗೆ ಧೈರ್ಯ ಬರುತ್ತಿದೆ.

ಆ ಎರಡು ದಿನಗಳ ಬಗ್ಗೆ ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಅವ್ವನ ಮೇಲೆ ನನಗೆ ಸಿಟ್ಟಿಲ್ಲ. ಅವಳು ತನಗೆ ಗೊತ್ತಿದ್ದದ್ದನ್ನು ಪ್ರೀತಿಯಿಂದಲೇ ಹೇಳಿದಳು. ಕಾಲು ಸ್ವಲ್ಪ ಬಾಯುವುದು ಬಹಳ ಬಸುರಿಯರಿಗೆ ಇರುವುದೇ. ಮುಖ ಬಾತು ತಲೆ ಸಿಡಿದರೆ ಅದು ಬೇರೆ ಅಂತ ಅವಳಿಗೆ ಯಾರೂ ಹೇಳಿರಲಿಲ್ಲ. ಗೊತ್ತಿದ್ದದ್ದು ಇಡೀ ಮನೆಯಲ್ಲಿ ನನಗೊಬ್ಬಳಿಗೆ. ಆದರೆ ನಮ್ಮ ಮನೆಗಳಲ್ಲಿ ಆಸ್ಪತ್ರೆಗೆ ಹೋಗುವುದೋ ಬೇಡವೋ ಎಂದು ತೀರ್ಮಾನಿಸುವವಳು ಬಸುರಿಯಲ್ಲ. ಅವಳ ಅವ್ವ, ಅತ್ತೆ, ಗಂಡ, ಕೆಲವು ಕಡೆ ಮಾವ. ಕ್ಲಾಸಿನಲ್ಲಿ ನಾವು ಸುಮಾರು ನಲವತ್ತು ಬಸುರಿಯರಿದ್ದೆವು. ಒಬ್ಬಳ ಅವ್ವನೂ ಆ ಪರದೆಯ ಮುಂದೆ ಕೂತಿರಲಿಲ್ಲ. ಕೂರಿ ಅಂತ ಯಾರೂ ಕರೆದಿರಲೂ ಇಲ್ಲ.

ಇನ್ನೊಂದು ಮಾತು ಹೇಳಲೇಬೇಕು. ಎದೆಹಾಲು ಕುಡಿಸುವುದನ್ನು ಆ ಕ್ಲಾಸಿನಲ್ಲಿ ಗೊಂಬೆ ಹಿಡಿದು ತೋರಿಸಿದ್ದರು. ಎರಡು ಸಲ ನೋಡಿದ್ದೆ. ಮಗಳನ್ನು ಎದೆಗೆ ಹಿಡಿದಾಗ ಏನೂ ಬರಲಿಲ್ಲ. ಮೊಲೆತೊಟ್ಟು ಒಡೆದು ರಕ್ತ ಬಂತು. ಕೂಸು ಅಳುತ್ತಿತ್ತು, ನಾನೂ ಅಳುತ್ತಿದ್ದೆ. ಆಗ ವಾರ್ಡಿನ ನರ್ಸ್ ಒಬ್ಬರು ಬಂದು ನನ್ನ ಮೊಣಕೈ ಕೆಳಗೆ ದಿಂಬು ಸರಿಸಿದರು. ಕೂಸನ್ನು ಪೂರ್ತಿ ನನ್ನ ಕಡೆ ಹೊರಳಿಸಿದರು, ಅದರ ಹೊಟ್ಟೆ ನನ್ನ ಹೊಟ್ಟೆಗೆ ಹತ್ತುವ ಹಾಗೆ. ಅದು ಬಾಯಿ ದೊಡ್ಡದಾಗಿ ತೆರೆಯುವವರೆಗೆ ಕಾದರು. ಕೂಸಿನ ಗದ್ದ ಎದೆಗೆ ತಾಗಬೇಕು, ಕೆಳತುಟಿ ಹೊರಗೆ ಮಡಚಿರಬೇಕು ಅಂದರು. ಎರಡು ನಿಮಿಷದ ಕೆಲಸ. ವಿಡಿಯೋದಲ್ಲಿ ಇದೇ ಮಾತು ಇತ್ತು. ಆದರೆ ನನ್ನ ಮೊಣಕೈ ಎಲ್ಲಿ ತಪ್ಪಿದೆ ಅಂತ ವಿಡಿಯೋಗೆ ಹೇಗೆ ಕಾಣಬೇಕು? ಅದೇ ನರ್ಸ್ ಕೂಸನ್ನು ನನ್ನ ಎದೆಗೆ ಬಟ್ಟೆಯಿಂದ ಕಟ್ಟಿ ಕಾಂಗರೂ ಆರೈಕೆ ಕಲಿಸಿದರು. ಕೂಸು ಇನ್ನೂ ಚೂರು ಮೇಲೆ ಇರಬೇಕು, ಮೂಗು ಮುಚ್ಚಬಾರದು ಅಂತ ಬೆರಳಲ್ಲಿ ಸರಿ ಮಾಡಿದರು. ಕೈಯಿಂದ ಕೈಗೆ ದಾಟುವ ವಿದ್ಯೆ ಅದು. ಹೊಲಿಗೆಯವಳಾದ ನನಗೆ ಇದು ಚೆನ್ನಾಗಿ ಗೊತ್ತು. ಕತ್ತರಿ ಹಿಡಿಯುವುದನ್ನು ನಾನು ಯಾವ ಹುಡುಗಿಗೂ ದೂರದಿಂದ ಕಲಿಸಿಲ್ಲ.

2024ರಲ್ಲಿ ಎರಡನೇ ಸಲ ಬಸುರಿಯಾದೆ. ಮೊದಲ ಸಲ ನಂಜಾಗಿದ್ದರಿಂದ ಡಾಕ್ಟರು ಮೂರನೇ ತಿಂಗಳು ಮುಗಿಯುವ ಹೊತ್ತಿಗೇ ಆಸ್ಪಿರಿನ್ ಸಣ್ಣ ಗುಳಿಗೆ ಶುರು ಮಾಡಿಸಿದರು. ಈ ಸಲ ತವರಿಗೆ ಬೇಗನೇ ಹೋದೆ. ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಒಬ್ಬ ನರ್ಸ್ ತಮ್ಮಷ್ಟಕ್ಕೆ ತಾವೇ ಒಂದು ಕೆಲಸ ಶುರು ಮಾಡಿದ್ದರು. ತಿಂಗಳ 9ನೇ ತಾರೀಖು ತಪಾಸಣೆಗೆ ಬಂದ ಬಸುರಿಯರನ್ನು ಚಾಪೆ ಹಾಸಿ ಕೂರಿಸಿ ಒಂದು ಗಂಟೆ ಮಾತಾಡುತ್ತಿದ್ದರು. ಒಂದೇ ಒಂದು ಕಟ್ಟಳೆ. ಜೊತೆಗೆ ಮನೆಯ ಒಬ್ಬ ಹಿರಿಯಳು ಬರಬೇಕು. ನಮ್ಮವ್ವ ಬಂದಳು.

ಆ ಒಂದು ಗಂಟೆಯನ್ನು ನೀವು ನೋಡಬೇಕಿತ್ತು.

ನರ್ಸ್ ಮೊದಲು ಬಸುರಿಯರನ್ನು ಮಾತಾಡಿಸಲಿಲ್ಲ. ಹಿರಿಯರ ಕಡೆ ತಿರುಗಿ, 'ಯವ್ವಾ, ನಿಮ್ಮ ಕಾಲದಾಗ ಬಾಣಂತನ ಹೆಂಗ ಮಾಡ್ತಿದ್ರಿ, ಹೇಳ್ರಿ' ಅಂದರು. ಒಬ್ಬೊಬ್ಬರೇ ಬಾಯಿ ಬಿಟ್ಟರು. ಸಬ್ಬಸಿಗೆ ಪಲ್ಲೆ, ಅಳವಿ ಪಾಯಸ, ಅಂಟಿನ ಉಂಡಿ, ಎಣ್ಣೆ ನೀರು, ಕೂಸನ್ನು ಬೆಚ್ಚಗಿಡುವುದು. ನರ್ಸ್ ಇದೆಲ್ಲ ಚಲೋ, ಬಿಡಬೇಡಿ ಅಂದರು. ಆ ಮಾತಿಗೆ ಮುದುಕಿಯರ ಮುಖ ಅರಳಿತು. ಆಮೇಲೆ ಕಷ್ಟದ ಮಾತುಗಳು ಬಂದವು. ಬಾಗಿಲು ಮುಚ್ಚಿದ ಕೋಣೆಯಲ್ಲಿ ಹೊರಸಿನ ಕೆಳಗೆ ಕೆಂಡ ಇಟ್ಟರೆ ಕೂಸಿನ ಉಸಿರಿಗೆ ಏನಾಗುತ್ತದೆ. ಬಾಣಂತಿಗೆ ನೀರು ಕಮ್ಮಿ ಕೊಟ್ಟರೆ ಹಾಲಿಗೆ ಏನಾಗುತ್ತದೆ. ಹುಟ್ಟಿದ ಕೂಸಿಗೆ ಮೊದಲ ದಿನವೇ ಯಾಕೆ ಎರೆಯಬಾರದು. ಒಬ್ಬ ಅಜ್ಜಿ ಎದ್ದು, ಮೊದಲ ಹಳದಿ ಹಾಲು ನಂಜು, ಐದೂ ಮಕ್ಕಳಿಗೆ ನಾನು ಹಿಂಡಿ ಚೆಲ್ಲಿದ್ದೇನೆ ಅಂದರು. ನರ್ಸ್ ಅವರಿಗೆ ಎದುರು ಮಾತಾಡಲಿಲ್ಲ. 'ಆಕಳು ಈದಾಗ ಕರುವಿಗೆ ಗಿಣ್ಣದ ಹಾಲು ಕುಡಿಸ್ತೀರೋ, ಚೆಲ್ತೀರೋ ಅಜ್ಜಿ?' ಅಂತ ಕೇಳಿದರು. ಅಜ್ಜಿ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, 'ಕರು ಕುಡದ್ರ ಗಟ್ಟಿ ಆಗತೈತಿ' ಅಂದರು. ಪಕ್ಕದಲ್ಲಿ ಕೂತಿದ್ದ ಅವರ ಮೊಮ್ಮಗಳು ಒಂಬತ್ತು ತಿಂಗಳ ಬಸುರಿ.

ನಂತರ ನರ್ಸ್ ಬಿಪಿ ಪಟ್ಟಿಯನ್ನು ನಮ್ಮವ್ವನ ತೋಳಿಗೇ ಸುತ್ತಿದರು. 140/90 ದಾಟಿದರೆ ಬಸುರಿಗೆ ಅಪಾಯ ಶುರು ಅಂತ ಅಂಕಿ ತೋರಿಸಿದರು. ಒಬ್ಬಳ ಕಾಲಿನ ಮೇಲೆ ಹೆಬ್ಬೆರಳು ಒತ್ತಿ ಬಾವು ನೋಡುವುದು ಹೇಗೆ ಅಂತ ಎಲ್ಲರ ಕೈಯಿಂದಲೂ ಮಾಡಿಸಿದರು. ಅವ್ವ ಒತ್ತಿ ನೋಡಿ ನನ್ನ ಕಡೆ ತಿರುಗಿದಳು. ಅವಳ ಕಣ್ಣಲ್ಲಿ ನೀರಿತ್ತು.

ಕ್ಲಾಸ್ ಮುಗಿದು ಎಲ್ಲರೂ ಎದ್ದು ಸೆರಗು ಸರಿಮಾಡಿಕೊಳ್ಳುವಾಗ ಒಬ್ಬಳು ನರ್ಸ್ ಹತ್ತಿರ ಹೋಗಿ ಮೆಲ್ಲಗೆ, 'ನಿನ್ನೆಯಿಂದ ಕೂಸು ಕಮ್ಮಿ ಹೊರಳಾಡಾಕತ್ತೈತ್ರಿ' ಅಂದಳು. ಒಂದು ಗಂಟೆ ಕೂತಾಗ ಅವಳು ತುಟಿ ಬಿಚ್ಚಿರಲಿಲ್ಲ. ನರ್ಸ್ ಅಲ್ಲೇ ಮಲಗಿಸಿ ಕೂಸಿನ ಎದೆಬಡಿತ ಕೇಳಿದರು, ಕೂಡಲೇ ಗದಗಕ್ಕೆ ಕಳಿಸಿದರು. ಇಂಥ ಮಾತು ಎದ್ದು ಹೋಗುವಾಗಲೇ ಬಾಯಿಗೆ ಬರುತ್ತದೆ. ಆನ್‌ಲೈನ್ ಕ್ಲಾಸಿನಲ್ಲಿ ಎದ್ದು ಹೋಗುವ ಹೊತ್ತು ಅನ್ನುವುದೇ ಇಲ್ಲ, ಪರದೆ ಆರಿಬಿಡುತ್ತದೆ.

ಆ ನರ್ಸ್‌ಗೆ ನಾನು ಹಡೆಯುವ ಮೊದಲೇ ವರ್ಗವಾಯಿತು. ಅವರು ಹೋದ ತಿಂಗಳೇ ಚಾಪೆ ಸುತ್ತಿ ಮೂಲೆಗಿಟ್ಟರು.

ಅದಕ್ಕೇ ನಿಮ್ಮಲ್ಲಿ ಕೇಳುತ್ತಿದ್ದೇನೆ. ಒಬ್ಬರ ಒಳ್ಳೆಯ ಮನಸ್ಸಿನಿಂದ ನಡೆದದ್ದು ಇಲಾಖೆಯ ಕೆಲಸವಾಗಬೇಕು. ಇದಕ್ಕೆ ಹೊಸ ಕಟ್ಟಡ ಬೇಡ, ಹೊಸ ಯೋಜನೆಯೂ ಬೇಡ. ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನ 2016ರಿಂದ ಇದೆ. ತಿಂಗಳ 9ಕ್ಕೆ ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರ ತಪಾಸಣೆ ನಡೆಯುತ್ತದೆ. ಅವತ್ತು ನೀವು ಯಾವ ತಾಲ್ಲೂಕು ಆಸ್ಪತ್ರೆಗಾದರೂ ಬಂದು ನೋಡಿ. ಹತ್ತಾರು ಬಸುರಿಯರು ಬೆಂಚಿನ ಮೇಲೆ, ಕಟ್ಟೆಯ ಮೇಲೆ, ಮೆಟ್ಟಿಲ ಮೇಲೆ ತಾಯಿ ಕಾರ್ಡ್ ಹಿಡಿದು ಕೂತಿರುತ್ತಾರೆ. ಪಕ್ಕದಲ್ಲಿ ಅವ್ವನೋ ಅತ್ತೆಯೋ ಚೀಲದಲ್ಲಿ ಬುತ್ತಿ ಇಟ್ಟುಕೊಂಡು ಇದ್ದೇ ಇರುತ್ತಾರೆ. ಎರಡು ತಾಸು, ಮೂರು ತಾಸು ಸರದಿ ಕಾಯುತ್ತಾರೆ. ಆ ಹೊತ್ತಿನಲ್ಲಿ ಅವರ ಜೊತೆ ಯಾರೂ ಮಾತಾಡುವುದಿಲ್ಲ. ಕ್ಲಾಸಿಗೆ ಬೇಕಾದವರೆಲ್ಲ ಅಲ್ಲೇ ಇದ್ದಾರೆ. ಚಾಪೆ ಹಾಸಿ ಕೂರಿಸಿದರೆ ಸಾಕು.

ಬಸುರಿಯರು ದೂರದಿಂದ ಕ್ಲಾಸಿಗೆ ಬರುವುದಿಲ್ಲ ಅಂತ ಕೆಲವರು ಹೇಳುತ್ತಾರೆ. ಅದರಲ್ಲಿ ಸ್ವಲ್ಪ ನಿಜ ಇದೆ. 2017ರ ಅಕ್ಟೋಬರ್ 2ಕ್ಕೆ ಶುರುವಾದ ಮಾತೃಪೂರ್ಣ ಯೋಜನೆಯಲ್ಲಿ ಅಂಗನವಾಡಿಗೆ ಹೋಗಿ ಬಿಸಿಯೂಟ ಉಣ್ಣಬೇಕಿತ್ತು. ತೋಟದ ಮನೆಯವರಿಗೆ, ಕೂಲಿಗೆ ಹೋಗುವವರಿಗೆ ದಿನಾ ಬರುವುದು ಕಷ್ಟವಾಯಿತು. ಆದರೆ ದಿನಾ ಬರುವುದು ಬೇರೆ, ತಿಂಗಳಿಗೊಮ್ಮೆ ಹೇಗೂ ಬರುವ ದಿನ ಒಂದು ಗಂಟೆ ಕೂರುವುದು ಬೇರೆ. 2023ರ ಜೂನ್‌ನಿಂದ ಶಕ್ತಿ ಯೋಜನೆ ಬಂದ ಮೇಲೆ ನಮ್ಮ ಕೆಂಪು ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ಮೊದಲು ಒಬ್ಬಳ ಚಾರ್ಜಿಗೇ ಲೆಕ್ಕ ಹಾಕುತ್ತಿದ್ದ ಮನೆಗಳಲ್ಲಿ ಈಗ ಅತ್ತೆ ಸೊಸೆ ಇಬ್ಬರೂ ಬಸ್ ಹತ್ತಬಹುದು. ಸರ್ಕಾರ ಬಸ್ ಕೊಟ್ಟಿದೆ, ತಾರೀಖು ಕೊಟ್ಟಿದೆ. ಇವೆರಡನ್ನೂ ಜೋಡಿಸುವ ಕೆಲಸ ಉಳಿದಿದೆ.

ಗುಂಪಾಗಿ ಕೂತು ಮಾತಾಡಿದರೆ ಏನಾಗುತ್ತದೆ ಅನ್ನುವುದಕ್ಕೆ ನನ್ನ ಅನುಭವವೊಂದೇ ಸಾಕ್ಷಿಯಲ್ಲ. ಜಾರ್ಖಂಡ್ ಮತ್ತು ಒಡಿಶಾದ ಆದಿವಾಸಿ ಹಳ್ಳಿಗಳಲ್ಲಿ ಏಕ್‌ಜುಟ್ ಸಂಸ್ಥೆಯವರು ಹೆಂಗಸರ ಗುಂಪು ಕಟ್ಟಿ ತಿಂಗಳಿಗೊಮ್ಮೆ ಸಭೆ ಮಾಡಿದರು. ಬಸಿರು, ಹೆರಿಗೆ, ಹಸುಗೂಸಿನ ತೊಂದರೆಗಳನ್ನು ಕತೆ ಹೇಳಿ, ಚಿತ್ರ ತೋರಿಸಿ ಮಾತಾಡಿಸಿದರು. ಪರಿಹಾರವನ್ನು ಹೆಂಗಸರೇ ಹುಡುಕಿದರು. ಮೂರು ವರ್ಷ ಹೋಲಿಸಿ ನೋಡಿದಾಗ, ಸಭೆ ನಡೆದ ಕಡೆ ಹುಟ್ಟಿದ ತಿಂಗಳೊಳಗೆ ಸಾಯುವ ಕೂಸುಗಳ ಪ್ರಮಾಣ ಬೇರೆ ಕಡೆಗಿಂತ ನೂರಕ್ಕೆ 32ರಷ್ಟು ಕಡಿಮೆ ಇತ್ತು. ಇದು 2010ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಆಸ್ಪತ್ರೆ ಸೌಲಭ್ಯ ಕಡಿಮೆ ಇರುವ ಹಳ್ಳಿಗಳಲ್ಲಿ ಇಂಥ ಗುಂಪುಗಳನ್ನು ಮಾಡಿ ಎಂದು 2014ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿತು.

ಫೋನಿನ ಕಡೆಯದನ್ನೂ ಹೇಳುತ್ತೇನೆ. ಕೇಂದ್ರ ಸರ್ಕಾರದ ಕಿಲ್ಕಾರಿ ಎಂಬ ಸೇವೆ 2016ರಲ್ಲಿ ಶುರುವಾಯಿತು. ನಾಲ್ಕನೇ ತಿಂಗಳಿಂದ ಮಗುವಿಗೆ ಒಂದು ವರ್ಷ ಆಗುವವರೆಗೆ ವಾರಕ್ಕೊಂದು ಕರೆ, ಒಟ್ಟು 72. ಸಾದಾ ಫೋನ್ ಇದ್ದರೂ ನಡೆಯುತ್ತದೆ, ಓದು ಬಾರದವರೂ ಕೇಳಬಹುದು. ಒಳ್ಳೆಯ ಯೋಚನೆ. ಆದರೆ ಮಧ್ಯಪ್ರದೇಶದಲ್ಲಿ ಅದನ್ನು ಪರೀಕ್ಷೆ ಮಾಡಿದಾಗ, ಆರು ತಿಂಗಳವರೆಗೆ ಬರೀ ಎದೆಹಾಲು ಕೊಡುವ ವಿಷಯದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ನನಗೆ ಆಶ್ಚರ್ಯ ಆಗಲಿಲ್ಲ. ಕರೆ ಬಂದದ್ದು ತಾಯಿಗೆ. ಕೂಸಿಗೆ ಜೇನುತುಪ್ಪ ನೆಕ್ಕಿಸುವವರು, ಸಕ್ಕರೆ ನೀರು ಹಾಕುವವರು ಬೇರೆ.

ಫೋನಾದರೂ ಎಲ್ಲರ ಕೈಯಲ್ಲಿ ಇದೆಯಾ? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ತಾವೇ ಬಳಸುವ ಫೋನ್ ಇರುವ ಹೆಂಗಸರು ನೂರಕ್ಕೆ 54. ಒಮ್ಮೆಯಾದರೂ ಇಂಟರ್ನೆಟ್ ಬಳಸಿದವರು ನೂರಕ್ಕೆ 33. ಆಮೇಲೆ ಇದು ಜಾಸ್ತಿ ಆಗಿರುತ್ತದೆ, ನನಗೂ ಕಾಣುತ್ತಿದೆ. ಆದರೂ ನಮ್ಮಲ್ಲಿ ಬಸುರಿಯ ಫೋನು ಅಂದರೆ ಬಹಳ ಮನೆಗಳಲ್ಲಿ ಗಂಡನ ಫೋನೇ. ಇನ್ನು ಭಾಷೆ. ಆ ಹುಡುಗಿಯ ಲಿಂಕಿನಲ್ಲಿದ್ದ ಒಂದು ವಿಡಿಯೋ ನಾನೂ ನೋಡಿದೆ. 'ಪ್ರಸವ ವೇದನೆಯ ಆರಂಭಿಕ ಲಕ್ಷಣಗಳು' ಅಂತ ಹೆಸರು. ನಾವು ಬ್ಯಾನಿ ಅನ್ನುತ್ತೇವೆ. ಸುಳ್ಳುಬ್ಯಾನಿ ಯಾವುದು, ಖರೇ ಬ್ಯಾನಿ ಯಾವುದು ಅಂತ ಕೇಳುವ ಹುಡುಗಿಗೆ ಆ ಹೆಸರು ಓದಿದರೆ ಇದು ತನ್ನದೇ ವಿಷಯ ಅಂತ ಹೊಳೆಯುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ಫೋನ್ ಬೇಡ ಅಂತ ನಾನು ಹೇಳಲಾರೆ. ಅದರ ಉಪಕಾರ ನನಗೆ ಗೊತ್ತು. ಎರಡನೇ ಸಲ ಡಾಕ್ಟರು ಜಾಸ್ತಿ ಓಡಾಡಬೇಡ ಅಂದಾಗ ಮಲಗಿದ್ದಲ್ಲೇ ಪ್ರಶ್ನೆ ಕೇಳಲು ಫೋನೇ ಬೇಕಾಯಿತು. ಗಂಡ ಗೋವಾದಲ್ಲಿ ಕೆಲಸಕ್ಕಿರುವ ಎಷ್ಟೋ ಹುಡುಗಿಯರು ನಮ್ಮಲ್ಲಿದ್ದಾರೆ. ಆ ಗಂಡಂದಿರಿಗೆ ಕ್ಲಾಸ್ ಮುಟ್ಟಿಸಲು ಫೋನ್ ಬಿಟ್ಟರೆ ದಾರಿ ಇಲ್ಲ. ನಾಚಿಕೆಯ ಪ್ರಶ್ನೆಗಳನ್ನು ಅತ್ತೆಯ ಮುಂದೆ ಯಾರೂ ಕೇಳುವುದಿಲ್ಲ. ರಾತ್ರಿ ಹನ್ನೊಂದಕ್ಕೆ ಹೊಟ್ಟೆ ಬಿಗಿ ಬಂದರೆ 104 ಆರೋಗ್ಯವಾಣಿಗೆ ಕೇಳಬಹುದು. ಆ ಆರೋಗ್ಯವಾಣಿ 2013ರಲ್ಲಿ ನಮ್ಮ ಹುಬ್ಬಳ್ಳಿಯಿಂದಲೇ ಶುರುವಾದದ್ದು ಎಂಬುದು ನಮಗೆಲ್ಲ ಅಭಿಮಾನದ ಮಾತು.

ಫೋನಿಗೆ ಇನ್ನೂ ಒಂದು ದೊಡ್ಡ ಕೆಲಸ ಇದೆ. ಅದನ್ನು ಯಾರೂ ಮಾಡಿಸುತ್ತಿಲ್ಲ.

ನಮ್ಮ ಕಡೆ ಬಸುರಿ ಎರಡು ಊರಿನವಳು. ಏಳು ತಿಂಗಳವರೆಗೆ ಗಂಡನ ಮನೆ, ಕುಬಸ ಆದ ಮೇಲೆ ತವರು. ಹೆಸರು ಬರೆಸಿದ್ದು ಒಂದು ಆರೋಗ್ಯ ಕೇಂದ್ರದಲ್ಲಿ, ಹಡೆಯುವುದು ಬೇರೆ ಜಿಲ್ಲೆಯಲ್ಲಿ. ಅವಳನ್ನು ಆರು ತಿಂಗಳು ನೋಡಿಕೊಂಡ ಆಶಾ ಕಾರ್ಯಕರ್ತೆಗೆ ಅವಳು ಕೈತಪ್ಪುತ್ತಾಳೆ. ತವರಿನ ಆಶಾಗೆ ಅವಳು ಬಂದಿರುವುದೇ ಗೊತ್ತಿರುವುದಿಲ್ಲ. ಬಸಿರಿನ ಅತಿ ಸೂಕ್ಷ್ಮ ದಿನಗಳು ಈ ನಡುವಿನ ಓಡಾಟದಲ್ಲೇ ಬರುತ್ತವೆ. ನನಗೆ ನಂಜಾದದ್ದೂ ಆಗಲೇ. ಬಾಣಂತನ ಮಾಡುವವಳು ತವರಿನ ಅವ್ವ. ಅತ್ತೆಯ ಊರಿನ ಕ್ಲಾಸಿನಲ್ಲಿ ಅವಳು ಇರಲು ಸಾಧ್ಯವೇ ಇರಲಿಲ್ಲ. ಹಾಗಾಗಿ ಎದುರಿಗೆ ಕೂರಿಸಿ ಮಾಡುವ ಕ್ಲಾಸೂ ಒಂದೇ ಕಡೆ ಮಾಡಿದರೆ ಅರ್ಧವೇ ಆಗುತ್ತದೆ.

ಇಲ್ಲಿ ಫೋನ್ ಸೇತುವೆ ಆಗಲಿ. ಕುಬಸದ ದಿನ ಗೊತ್ತಾದ ಕೂಡಲೇ ಈ ಊರಿನ ಆಶಾ ಆ ಊರಿನ ಆಶಾಗೆ ಒಂದು ಕರೆ ಮಾಡಲಿ. ತಾಯಿ ಕಾರ್ಡಿನ ನಂಬರು, ಬಿಪಿ, ಹಿಮೋಗ್ಲೋಬಿನ್, ದಿನ ತುಂಬುವ ತಾರೀಖು ದಾಟಿಸಲಿ. ಆ ಕರೆಗೆ ಅವರಿಗೆ ಪ್ರೋತ್ಸಾಹಧನ ಕೊಡಿ. ಅವರ ಹೆಗಲ ಮೇಲೆ ಈಗಲೇ ಬೇಕಾದಷ್ಟು ಕೆಲಸ ಇದೆ, ದುಡ್ಡಿಲ್ಲದೆ ಇನ್ನೊಂದು ಹೊರಿಸುವುದು ನ್ಯಾಯ ಅಲ್ಲ. ತವರಿನ ಕೇಂದ್ರದಲ್ಲಿ ಮುಂದಿನ 9ನೇ ತಾರೀಖಿನ ಕ್ಲಾಸಿಗೆ ಬಸುರಿ ಮತ್ತು ಅವಳ ಅವ್ವ ಇಬ್ಬರ ಹೆಸರಲ್ಲೂ ಕರೆ ಹೋಗಲಿ. ಹೌದು, ಅವ್ವನ ಹೆಸರಲ್ಲೂ. ನಮ್ಮವ್ವನನ್ನು ಆಸ್ಪತ್ರೆಯವರು ಅವಳ ಜನ್ಮದಲ್ಲಿ ಮೊದಲ ಸಲ ಹೆಸರು ಹಿಡಿದು ಕರೆದದ್ದು ಆ ಕ್ಲಾಸಿಗೆ. ಅವತ್ತು ಅವಳು ಟ್ರಂಕಿನಿಂದ ಇಳಕಲ್ ಸೀರೆ ತೆಗೆದು ಉಟ್ಟುಕೊಂಡಿದ್ದಳು.

ಕ್ಲಾಸಿನಲ್ಲಿ ಏನು ಹೇಳಬೇಕು ಅಂತ ನಿಮಗೆ ನಾನು ಕಲಿಸಬೇಕಿಲ್ಲ. ಒಂದೆರಡು ಮಾತು ಮಾತ್ರ. ಗುಳಿಗೆ ಕೊಟ್ಟು ಕಳಿಸುವುದಷ್ಟೇ ಸಾಲದು. 180 ದಿನ ಕಬ್ಬಿಣದ ಗುಳಿಗೆ ಅಂತ ಎಲ್ಲರಿಗೂ ಕೊಡುತ್ತೀರಿ, ಆದರೂ ಮೇಲೆ ಹೇಳಿದ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಬಸುರಿಯರಲ್ಲಿ ನೂರಕ್ಕೆ 52 ಮಂದಿಗೆ ರಕ್ತ ಕಡಿಮೆ. ನಾನು ಅಳತೆ ತೆಗೆಯುವಾಗ ಕೇಳುತ್ತೇನೆ. ಗುಳಿಗೆ ನುಂಗಿದರೆ ಕೂಸು ಕಪ್ಪಾಗುತ್ತದೆ, ದೊಡ್ಡದಾಗಿ ಹೆರಿಗೆ ಕಷ್ಟ ಆಗುತ್ತದೆ ಅಂತ ಅತ್ತೆ ಹೇಳಿದ್ದಾರೆ ಎನ್ನುತ್ತಾರೆ. ಸಂಡಾಸ ಕಪ್ಪಾದದ್ದು ನೋಡಿ ಹೆದರಿ ಬಿಟ್ಟವರಿದ್ದಾರೆ. ಬೆಳಗಿನ ಚಹಾದ ಜೊತೆಗೇ ನುಂಗುವವರಿದ್ದಾರೆ. ಕ್ಯಾಲ್ಸಿಯಂ ಗುಳಿಗೆ, ಕಬ್ಬಿಣದ ಗುಳಿಗೆ ಎರಡನ್ನೂ ಒಟ್ಟಿಗೆ ಬಾಯಿಗೆ ಹಾಕಿಕೊಳ್ಳುವವರಂತೂ ಬಹಳ. ಚಹಾ ಬೇಡ, ಲಿಂಬಿಹಣ್ಣಿನ ನೀರಿನ ಜೊತೆ ತಗೊಳ್ಳಿ, ಎರಡು ಗುಳಿಗೆ ನಡುವೆ ಕೆಲವು ತಾಸು ಬಿಡಿ ಅನ್ನುವ ಮಾತು ಅತ್ತೆಯ ಕಿವಿಗೂ ಬಿದ್ದರೆ, ಮರುದಿನ ಲಿಂಬಿಹಣ್ಣು ತಂದಿಡುವವಳು ಅತ್ತೆಯೇ ಆಗುತ್ತಾಳೆ. ಇದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಇನ್ನೊಂದು, ಹೆರಿಗೆ ಕೋಣೆಯನ್ನು ಒಮ್ಮೆ ತೋರಿಸಿ. ಹೆರಿಗೆ ಹೊತ್ತಿನಲ್ಲಿ ಮನೆಯ ಒಬ್ಬ ಹೆಂಗಸು ಜೊತೆಗಿರಬಹುದು ಅಂತ ಕೇಂದ್ರ ಆರೋಗ್ಯ ಇಲಾಖೆ 2016ರಲ್ಲೇ ಹೇಳಿದೆ. ನಮ್ಮಲ್ಲಿ ಎಷ್ಟು ಜನಕ್ಕೆ ಇದು ಗೊತ್ತು? ಬ್ಯಾನಿ ಬಂದಾಗ ಬೆನ್ನು ಹೇಗೆ ಒತ್ತಬೇಕು, ಏನು ಹೇಳಿ ಧೈರ್ಯ ತುಂಬಬೇಕು, ಹೊಟ್ಟೆಯನ್ನು ಯಾಕೆ ಒತ್ತಬಾರದು ಅಂತ ಆ ಜೊತೆಗಾತಿಗೂ ಮೊದಲೇ ಗೊತ್ತಿರಬೇಕು ಅಲ್ವಾ? ಆ ಕಬ್ಬಿಣದ ಮಂಚ, ಆ ದೀಪ, ಕೂಸನ್ನು ಬೆಚ್ಚಗಿಡುವ ಯಂತ್ರ, ಇವನ್ನು ಮುಂಚೆ ಒಮ್ಮೆ ನೋಡಿದ ಹುಡುಗಿ ಅವತ್ತು ರಾತ್ರಿ ಅಷ್ಟು ಹೆದರುವುದಿಲ್ಲ.

ವಿಡಿಯೋಗಳನ್ನು ಇಟ್ಟುಕೊಳ್ಳಿ. ಆದರೆ 12 ಬೇಡ. ಕ್ಲಾಸಿನಲ್ಲಿ ಕೇಳಿದ್ದನ್ನು ನೆನಪಿಸುವ ಐದು ನಿಮಿಷದ ದನಿ ಸಾಕು, ಬ್ಯಾನಿ, ಕೂಸು, ಬಾವು ಎನ್ನುವ ನಮ್ಮ ಮಾತಿನಲ್ಲಿ. ಕ್ಲಾಸ್ ಮಾಡಿದ ನರ್ಸ್‌ದೇ ದನಿ ಆದರೆ ಇನ್ನೂ ಚಲೋ. ಮುಖ ನೋಡಿದವರ ದನಿಯನ್ನು ನಮ್ಮ ಮಂದಿ ನಂಬುತ್ತಾರೆ. ನರ್ಸ್‌ಗೆ ಆ ಒಂದು ಗಂಟೆ ಬೇರೆ ಕೆಲಸ ಹಚ್ಚಬೇಡಿ, ಅದೂ ಅವರ ಕೆಲಸವೇ ಅಂತ ಆದೇಶದಲ್ಲಿ ಬರೆಯಿರಿ. ಅವರಿಗೆ ವರ್ಗವಾದರೂ ಚಾಪೆ ಹಾಸುವುದು ನಿಲ್ಲಬಾರದು.

ಮೊದಲು ಒಂದು ತಾಲ್ಲೂಕಿನಲ್ಲಿ ಮಾಡಿ ನೋಡಿ. ನಮ್ಮ ಬ್ಯಾಡಗಿಯಲ್ಲೇ ಶುರುವಾಗಲಿ, ಇಲ್ಲವೇ ಮುಂಡರಗಿಯಲ್ಲಿ. ಆರು ತಿಂಗಳಾದ ಮೇಲೆ ಕ್ಲಾಸಿಗೆ ಬಂದವರಲ್ಲಿ ಎಷ್ಟು ಮಂದಿ ಗುಳಿಗೆ ಪೂರ್ತಿ ನುಂಗಿದರು, ಎಷ್ಟು ಕೂಸುಗಳಿಗೆ ಮೊದಲ ಗಂಟೆಯಲ್ಲೇ ಎದೆಹಾಲು ಸಿಕ್ಕಿತು, ಅಪಾಯದ ಲಕ್ಷಣ ಕಂಡವರು ಎಷ್ಟು ತಾಸಿನಲ್ಲಿ ಆಸ್ಪತ್ರೆ ಮುಟ್ಟಿದರು ಅಂತ ಲೆಕ್ಕ ಹಾಕಿ. ಬರೀ ಲಿಂಕ್ ಬಂದವರ ಲೆಕ್ಕವನ್ನೂ ಪಕ್ಕದಲ್ಲಿ ಇಡಿ.

ಗೊಂಬೆಗಳನ್ನು ನಾನು ಹೊಲಿದು ಕೊಡುತ್ತೇನೆ. ನನ್ನ ಹತ್ತಿರ ತುಂಡು ಬಟ್ಟೆ ಬಹಳ ಇದೆ. ಈಗಾಗಲೇ ಮೂರು ಹೊಲಿದಿಟ್ಟಿದ್ದೇನೆ. ಒಳಗೆ ಜೋಳ ತುಂಬಿ ಎರಡೂವರೆ ಕಿಲೋ ತೂಕ ಮಾಡಿದ್ದೇನೆ, ಹಿಡಿದರೆ ನಿಜವಾದ ಕೂಸಿನ ಭಾರ ಕೈಗೆ ಗೊತ್ತಾಗುವ ಹಾಗೆ. ಈ ಪತ್ರ ಬರೆಯುತ್ತಿದ್ದೇನೆ ಅಂತ ಮೊನ್ನೆ ಅವ್ವನಿಗೆ ಫೋನಿನಲ್ಲಿ ಹೇಳಿದೆ. ಸ್ವಲ್ಪ ಹೊತ್ತು ಅವಳು ಮಾತಾಡಲಿಲ್ಲ. ಆಮೇಲೆ, 'ಕ್ಲಾಸ್ ಮಾಡ್ತಾರಂದ್ರ ನಾನೂ ಬರ್ತೀನಿ. ಆ ಎರಡು ದಿನ ನಾ ಏನ್ ಮಾಡಿದ್ನಿ ಅಂತ ನಾನ ಎದ್ದು ನಿಂತು ಹೇಳ್ತೀನಿ' ಅಂದಳು.

ಮುಂದಿನ 9ಕ್ಕೆ ನಾವಿಬ್ಬರೂ ಗೊಂಬೆ ತೆಗೆದುಕೊಂಡು ಯಾವ ಆಸ್ಪತ್ರೆಗೆ ಬರಬೇಕು, ತಿಳಿಸಿ.

ಇಂತಿ,
ಬ್ಯಾಡಗಿ ತಾಲ್ಲೂಕಿನ ಒಬ್ಬ ತಾಯಿ